ದೊಡ್ಡಮ್ಮನ ಶುಕ್ರವಾರಗಳು

ಮಾರ್ಚ್ ೪, ಮಂಗಳವಾರ

ನನ್ನ ಶುಕ್ರವಾರವನ್ನು ಇನ್ಯಾರಿಗೋ ಕೊಟ್ಟುಬಿಟ್ಟಿದ್ದಾರೆ.

ಸವಾರಿ ಮುಗಿದು ಇಳಿಯುವ ಹೊತ್ತಿಗೆ ಮೇಡಂ ಹೇಳಿದರು. ಅದೂ ಹೇಗೆ? ಕುದುರೆಯ ಕುತ್ತಿಗೆ ಸವರುತ್ತ, ನನ್ನ ಮುಖ ನೋಡದೆ. "ಮಾಸ್ಟ್ರೇ, ಹೊಸಬರೊಬ್ಬರು ಸೇರಿದಾರೆ. ಮಕ್ಕಳ ಕುದುರೆ ಅವರಿಗೆ ಆಗಲ್ಲ. ಇನ್ಮೇಲೆ ನಿಮಗೆ ಮಂಗಳವಾರ ಮಾತ್ರ, ಶುಕ್ರವಾರ ಅವರಿಗೆ. ಬೇಜಾರಿಲ್ಲ ತಾನೇ?"

"ಛೆ, ಬೇಜಾರೇನು ಮೇಡಂ! ಎಲ್ಲರಿಗೂ ಅನುಕೂಲ ಆಗ್ಬೇಕಲ್ವಾ," ಅಂದೆ. ಇಂಥ ಹೊತ್ತಿಗೆ ಸರಿಯಾಗಿ ನನ್ನ ಬಾಯಿಂದ ಜೇನು ಸುರಿಯುತ್ತದೆ. ಮನೆಗೆ ಬಂದು ಅಳತೆ ಟೇಪನ್ನು ಗೋಡೆಗೆ ಎಸೆದೆ. ಎಸೆದು ಏನು ಬಂತು, ಅದು ಮಂಚದ ಕೆಳಗೆ ಹೋಗಿ ಕೂತಿತು. ತೆಗೆಯಲು ಅಕ್ಕನನ್ನೇ ಕರೆಯಬೇಕಾಯಿತು.

ಇಪ್ಪತ್ತೆಂಟು ವರ್ಷ ಬಟ್ಟೆ ಹೊಲಿದವನು ನಾನು. ಎರಡು ವರ್ಷದ ಹಿಂದೆ ಅಂಗಡಿಯ ಅಟ್ಟದಿಂದ ಬಟ್ಟೆಯ ಥಾನು ಇಳಿಸಲು ಹೋಗಿ ಏಣಿಯ ಜೊತೆಗೆ ನಾನೂ ಇಳಿದೆ. ಅಂದಿನಿಂದ ಸೊಂಟದ ಕೆಳಗಿನದು ಯಾವುದೂ ನನ್ನ ಮಾತು ಕೇಳುವುದಿಲ್ಲ. ಹತ್ತು ತಿಂಗಳಿಂದ ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಗಂಟೆ ಕುದುರೆ ಸವಾರಿ. ಮೋಜಿಗಲ್ಲ, ಚಿಕಿತ್ಸೆಗೆ; ನಡೆಸುವವರು ಮೇಡಂ. ಕುದುರೆ ನಡೆಯುವಾಗ ಅದರ ಬೆನ್ನು ಅಲ್ಲಾಡುವ ರೀತಿಯೂ ಮನುಷ್ಯ ನಡೆಯುವಾಗ ಸೊಂಟ ಅಲ್ಲಾಡುವ ರೀತಿಯೂ ಒಂದೇ ಅಂತೆ. ಮೇಲೆ ಕೂತವನ ಸೊಂಟಕ್ಕೆ ತಾನೇ ನಡೆಯುತ್ತಿದ್ದೇನೆ ಎನಿಸುತ್ತದಂತೆ. ಅಂತೆ ಏನು ಬಂತು, ನನಗೆ ಎನಿಸಿದೆ. ವಾರದಲ್ಲಿ ಒಂದು ಗಂಟೆ ನಾನು ನಡೆಯುತ್ತಿದ್ದೆ. ಈಗ ಅದರಲ್ಲಿ ಅರ್ಧವನ್ನು ಕತ್ತರಿಸಿ ಯಾರದೋ ಕೈಗೆ ಕೊಟ್ಟರು.

ಲಾಯದಲ್ಲಿರುವುದು ಮೂರೇ ಕುದುರೆ. ಎರಡು ಗಿಡ್ಡ, ಮಕ್ಕಳಿಗೆ. ದೊಡ್ಡವರನ್ನು ಹೊರುವವಳು ಒಬ್ಬಳೇ, ಅದೂ ದಿನಕ್ಕೆ ಒಬ್ಬರನ್ನೇ: ಹತ್ತೊಂಬತ್ತು ವರ್ಷದ ಕಂದು ಹೆಣ್ಣು ಕುದುರೆ. ಗಾತ್ರ, ವಯಸ್ಸು, ಗತ್ತು ಮೂರನ್ನೂ ನೋಡಿ ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಾರೆ. ನನ್ನ ದೊಡ್ಡಮ್ಮ.

"ಒಂದು ದಿನ ಉಳೀತಲ್ಲ, ಅದಕ್ಕೆ ಸಂತೋಷಪಡು," ಎಂದಳು ಅಕ್ಕ. ಬಾಡಿಗೆ ಕಾರಿಗೆ ನನ್ನನ್ನು ಎತ್ತಿ ಹಾಕಿ, ಇಳಿಸಿ, ತಳ್ಳಿ, ಮತ್ತೆ ಎತ್ತಿ ಹಾಕುವವಳು ಅವಳು. ಅವಳ ಕೆಲಸ ಅರ್ಧಕ್ಕೆ ಇಳಿಯಿತು. ಸಂತೋಷಪಡಲಿ.

ಮಾರ್ಚ್ ೭, ಶುಕ್ರವಾರ

ಒಂಬತ್ತು ಗಂಟೆ. ಈಗ ಅವನು ಹತ್ತುತ್ತಿರುತ್ತಾನೆ.

ಒಂಬತ್ತೂ ಕಾಲು. ಈಗ ಬೇವಿನ ಮರದ ತಿರುವು. ಅಲ್ಲಿ ದೊಡ್ಡಮ್ಮ ಒಂದು ಸಲ ನಿಂತು ನೆಲ ಮೂಸುತ್ತಾಳೆ. ಅವಸರ ಮಾಡಬಾರದು. ಅವನಿಗೆ ಯಾರಾದರೂ ಹೇಳಿರುತ್ತಾರೋ ಇಲ್ಲವೋ.

ನನ್ನನ್ನು ಕರೆದುಕೊಂಡು ಹೋಗು, ಸುಮ್ಮನೆ ನೋಡಿ ಬರೋಣ ಎಂದು ಅಕ್ಕನನ್ನು ಕೇಳಿದೆ. "ಸವಾರಿ ಇಲ್ಲದ ದಿನ ಅಲ್ಲಿ ಹೋಗಿ ಏನ್ ನೋಡ್ತೀಯೋ? ನನಗೂ ಒಂದು ಬೆನ್ನಿದೆ," ಎಂದಳು. ಅದೂ ನಿಜವೇ. ಮಧ್ಯಾಹ್ನದವರೆಗೆ ಅವಳ ಜೊತೆ ಮಾತು ಬಿಟ್ಟೆ. ಅವಳಿಗೆ ಗೊತ್ತೇ ಆಗಲಿಲ್ಲ.

ಮಾರ್ಚ್ ೧೪, ಶುಕ್ರವಾರ

ನೋಡಿಬಂದೆ.

ಅಕ್ಕ ಹಲ್ಲಿನ ಡಾಕ್ಟರ ಬಳಿ ಹೋಗಿದ್ದಳು. ನಾನು ಬಸ್ಸು ಹತ್ತಿದೆ. ಬಾಗಿಲ ಬಳಿ ಗಾಲಿಕುರ್ಚಿಗೆಂದು ಮಡಚುವ ಹಲಗೆ ಇರುವ ಬಸ್ಸು ಎಂಟೂ ಹತ್ತಕ್ಕೆ ಬರುತ್ತದೆ. ಚಾಲಕ ಇಳಿದು ಬಂದು ಹಲಗೆ ಬಿಡಿಸಬೇಕು, ಅವನು ಬಿಡಿಸುವವರೆಗೆ ಬಸ್ಸಿನವರೆಲ್ಲ ನಮ್ಮನ್ನೇ ನೋಡಬೇಕು, ಒಬ್ಬಾಕೆ "ಪಾಪ" ಎನ್ನಬೇಕು. ಎಲ್ಲ ಕ್ರಮವಾಗಿ ನಡೆಯಿತು. ಇಳಿದ ಮೇಲೆ ಲಾಯದವರೆಗೆ ಏರು. ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆ. ಕೈಯಲ್ಲಿ ಬೊಬ್ಬೆ ಬಂದಿದೆ. ಅದೆಲ್ಲ ಇರಲಿ.

ಅವನು ಮೊದಲು ಬೆಂಕಿ ಆರಿಸುವ ಗಾಡಿ ಓಡಿಸುತ್ತಿದ್ದನಂತೆ. ಗಾಡಿ ಮಗುಚಿ ಬೆನ್ನು ಮುರಿಯಿತು. ನನಗಿಂತ ಎಂಟು ಹತ್ತು ವರ್ಷ ಚಿಕ್ಕವನು. ಎದೆ ನಲವತ್ತೆರಡು, ಭುಜ ಹತ್ತೊಂಬತ್ತೂವರೆ, ಕಣ್ಣಲ್ಲೇ ಅಳೆದೆ. ಎರಡನೇ ವಾರಕ್ಕೇ ಬೆನ್ನು ನೆಟ್ಟಗೆ! ನಾನು ಮೊದಲ ಎರಡು ತಿಂಗಳು ಒದ್ದೆ ಬಟ್ಟೆ ಒಣಹಾಕಿದಂತೆ ಅವಳ ಮೇಲೆ ಬಿದ್ದುಕೊಂಡಿದ್ದೆ. ಇವನು ಮಹಾರಾಜ. ಮೆರವಣಿಗೆ ಹೊರಟವನ ಹಾಗೆ ಎಲ್ಲರ ಕಡೆ ತಲೆದೂಗಿ ನಗುವುದೇನು! ನಕ್ಕರೆ ಲಾಯದ ತಗಡು ನಡುಗುತ್ತದೆ. ಇನ್ನು ಇಲ್ಲಿ ಅವನ ಹೆಸರು ಮಹಾರಾಜ ಎಂದೇ.

ಅವನು ಮಾತಾಡುತ್ತಾನೆ, ದೊಡ್ಡಮ್ಮ ಒಂದು ಕಿವಿಯನ್ನು ಹಿಂದಕ್ಕೆ ಅವನ ಕಡೆ ತಿರುಗಿಸಿ ಕೇಳುತ್ತಾಳೆ. ಹತ್ತು ತಿಂಗಳಲ್ಲಿ ನನ್ನ ಕಡೆ ಆ ಕಿವಿ ತಿರುಗಿದ್ದನ್ನು ನಾನು ಕಂಡಿಲ್ಲ.

ವಾಪಸು ಬಂದರೆ ಅಕ್ಕ ಬಸ್ ನಿಲ್ದಾಣದಲ್ಲಿ ಕೆನ್ನೆ ಊದಿಸಿಕೊಂಡು ನಿಂತಿದ್ದಳು. "ಒಬ್ಬನೇ ಹೋದೆಯೇನೋ? ಬಸ್ಸಲ್ಲಾ? ಒಬ್ಬನೇನಾ?" ಎಂದು ಅದೇ ಪ್ರಶ್ನೆಯನ್ನು ಮೂರು ಸಲ ಕೇಳಿ, ರಸ್ತೆಯಲ್ಲೇ ಸೆರಗಿಂದ ಕಣ್ಣೊರೆಸಿಕೊಂಡಳು. ಹಲ್ಲು ಕಿತ್ತದ್ದಕ್ಕೆ ಇರಬೇಕು. ಆ ಮನುಷ್ಯ ಹೇಗೆ ಕೂರುತ್ತಾನೆ ಎಂದು ಒಂದು ಮಾತು ಕೇಳಲಿಲ್ಲ.

ಮಾರ್ಚ್ ೧೮, ಮಂಗಳವಾರ

ಇವತ್ತು ನನ್ನ ದಿನ. ಅವನ ಹಾಗೆಯೇ ಕೂರೋಣ ಎಂದು ಮನಸ್ಸು ಮಾಡಿದೆ. ಎದೆಗೂಡನ್ನು ಸೊಂಟದ ನೇರಕ್ಕೆ ತರುವುದು, ಗಲ್ಲ ಒಳಕ್ಕೆ, ಹಿಡಿಕೆಯನ್ನು ಬಿಗಿಯಾಗಿ ಹಿಡಿಯದೆ ಸುಮ್ಮನೆ ಮುಟ್ಟಿಕೊಂಡಿರುವುದು. ದೊಡ್ಡಮ್ಮನ ಮೇಲೆ ಜೀನು ಹಾಕುವುದಿಲ್ಲ. ದಪ್ಪ ಕಂಬಳಿ, ಅದರ ಮೇಲೆ ಹಿಡಿಕೆ ಇರುವ ಒಂದು ಪಟ್ಟಿ. ಹಗ್ಗ ಹಿಡಿದು ಮುಂದೆ ನಡೆಯುವವರು ಲಾಯದ ಯಜಮಾನರು. ಬಾಯಿ ಬಿಟ್ಟರೆ ಮುತ್ತು ಉದುರುತ್ತದೋ ಎಂಬಂತೆ ಮೌನವಾಗಿರುವ ಮುದುಕ. ಒಂದು ಪಕ್ಕಕ್ಕೆ ಮೇಡಂ, ಇನ್ನೊಂದು ಪಕ್ಕಕ್ಕೆ ಅಕ್ಕ.

ಎರಡನೇ ಸುತ್ತಿನಲ್ಲಿ ಮೇಡಂ ಕೈ ತೆಗೆದರು. "ಮಾಸ್ಟ್ರೇ! ನಾನು ಹಿಡ್ಕೊಂಡಿಲ್ಲ, ಗೊತ್ತಾಯ್ತಾ?"

ಗೊತ್ತಾಗಿರಲಿಲ್ಲ. ಇಡೀ ಸುತ್ತು ಯಾರೂ ಹಿಡಿಯದೆ ಬಂದೆ. ಅವರು ಚಪ್ಪಾಳೆ ತಟ್ಟಿದರು. ಮೈ ಉರಿದುಹೋಯಿತು. ಅದು ನನ್ನ ಕೂರುವಿಕೆಯಲ್ಲ, ಅವನದು. ಇನ್ನೊಬ್ಬನ ಅಂಗಿ ಹಾಕಿಕೊಂಡು ಹೊಗಳಿಸಿಕೊಂಡ ಹಾಗೆ.

ಕಿವಿ ತಿರುಗಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಬಸ್ಸು. ಇವತ್ತು ಅವನು ಎರಡೂ ಕೈ ಅಗಲಿಸಿ ಒಂದು ಸುತ್ತು ಬಂದ. ಮೂರನೇ ಸುತ್ತಿಗೆ ಎಡಭುಜ ಅರ್ಧ ಅಂಗುಲ ಇಳಿಯುತ್ತದೆ, ಯಾರಿಗೂ ಕಾಣಲಿಲ್ಲ. ನನಗೆ ಕಂಡಿತು. ಅಷ್ಟಾದರೂ ಇದೆಯಲ್ಲ.

ಮಾರ್ಚ್ ೨೫, ಮಂಗಳವಾರ

ಅಕ್ಕನಿಗೆ ಬರಬೇಡ ಎಂದೆ. ಅವಳು ಪಕ್ಕದಲ್ಲಿ ನಡೆಯುತ್ತ "ಹುಷಾರು ಕಣೋ, ಹುಷಾರು" ಎನ್ನುತ್ತಿದ್ದರೆ ಕುದುರೆಗೆ ನನ್ನ ದನಿ ಕೇಳುವುದಾದರೂ ಹೇಗೆ? ಅವನಿಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಅದಕ್ಕೇ ಕಿವಿ ಅವನಿಗೆ. ಪಕ್ಕಕ್ಕೆ ಅಲ್ಲಿನ ಸ್ವಯಂಸೇವಕಿ ಒಬ್ಬಳು ಬಂದಳು, ಅವಳೂ ಮಾತು ಕಡಿಮೆ.

ಕಳೆದ ಶುಕ್ರವಾರ ಕಂಡದ್ದನ್ನು ನೆನೆಯುತ್ತ ಇನ್ನೊಂದು ವಿಷಯ ಕಂಡುಹಿಡಿದೆ. ಮಹಾರಾಜನ ಪ್ಯಾಂಟು ನಿಂತು ನಡೆಯುವವರಿಗೆ ಹೊಲಿದದ್ದು. ಹಿಂದೆ ಗಿಡ್ಡ, ಮುಂದೆ ಸುಕ್ಕು, ಕೂರುವ ಕಡೆ ಜೇಬು. ಜೇಬಿನ ಹೊಲಿಗೆ ಒತ್ತಿದರೆ ಕೂತವನಿಗೆ ನೋವು ಗೊತ್ತಾಗುವುದಿಲ್ಲ, ಗಾಯವಾದ ಮೇಲೆ ಗೊತ್ತಾಗುತ್ತದೆ. ಸರಿ, ಇಲ್ಲಿ ಇವನನ್ನು ಹಿಡಿದೆ ಎಂದುಕೊಂಡೆ. ಆಮೇಲೆ ನೋಡಿಕೊಂಡರೆ ನನ್ನದೂ ಅದೇ ಕಥೆ! ಎರಡು ವರ್ಷದಿಂದ ಹಳೆಯ ಪ್ಯಾಂಟುಗಳನ್ನೇ ಹಾಕಿಕೊಂಡಿದ್ದೇನೆ, ನಾಚಿಕೆಯಾಗಬೇಕು.

ಅಂಗಡಿಯ ಮೆಷಿನ್ ಕಾಲಿಂದ ತುಳಿಯುವಂಥದು. ಅಮ್ಮನ ಕಾಲದ ಕೈಮೆಷಿನ್ ಮಂಚದ ಕೆಳಗಿತ್ತು. ಎಣ್ಣೆ ಬಿಟ್ಟು ತಿರುಗಿಸಿದೆ, ಬೆಕ್ಕು ಕೂಗಿದಂತೆ ಕೂಗಿ ಆಮೇಲೆ ಸರಿಹೋಯಿತು. ಹಿಂದುಗಡೆ ನಾಲ್ಕು ಅಂಗುಲ ಎತ್ತರ, ಮುಂದೆ ಎರಡು ಅಂಗುಲ ತಗ್ಗು, ಕೂರುವ ಕಡೆ ಜೇಬಿಲ್ಲ, ಹೊಲಿಗೆಯನ್ನೂ ಪಕ್ಕಕ್ಕೆ ಸರಿಸಿದೆ. ಮೂರು ದಿನದಲ್ಲಿ ಮುಗಿಸಬೇಕು. ಶುಕ್ರವಾರ ಅವನ ಮುಂದೆ ಹಾಕಿಕೊಂಡು ಹೋಗಬೇಕು.

ಮಾರ್ಚ್ ೨೮, ಶುಕ್ರವಾರ

"ಪ್ಯಾಂಟು ಚೆನ್ನಾಗಿದೆಯಲ್ಲ ಮಾಸ್ಟ್ರೇ, ಎಲ್ಲಿ ಹೊಲಿಸಿದ್ರಿ?" ಎಂದು ಮಹಾರಾಜನೇ ಕೇಳಿದ. ಪೇಟೆಯಲ್ಲಿ ಎಂದೆ. ಯಾವ ಅಂಗಡಿ ಎಂದ. ಮುಚ್ಚಿಹೋಯಿತು ಎಂದೆ. ನಾನೇ ಹೊಲಿದದ್ದು ಎಂದಿದ್ದರೆ ನನಗೂ ಒಂದು ಹೊಲಿದುಕೊಡಿ ಎನ್ನುತ್ತಿದ್ದ. ಆ ಸಂತೋಷ ಅವನಿಗೆ ಬೇಕಾಗಿಲ್ಲ.

ಆದರೆ ಬರೆಯಬೇಕಾದ್ದು ಬೇರೆ ಇದೆ. ಕುದುರೆ ಡಾಕ್ಟರು ಬಂದಿದ್ದರು. ದೊಡ್ಡಮ್ಮನ ಬೆನ್ನಲ್ಲಿ ನೋವು ಶುರುವಾಗಿದೆ. ಇದುವರೆಗೆ ಎಂಬತ್ತು ಕಿಲೋವರೆಗೆ ಹೊರುತ್ತಿದ್ದಳು, ಇನ್ನು ಎಪ್ಪತ್ತೈದು ಮೀರಬಾರದು. ಮೇ ತಿಂಗಳಿಂದ ದೊಡ್ಡವರಲ್ಲಿ ಒಬ್ಬರನ್ನು ಮಾತ್ರ ಹೊರುತ್ತಾಳೆ. ಯಾರು ಎಂದು ಮೇ ಎರಡರಂದು ಇಬ್ಬರನ್ನೂ ಕೂರಿಸಿ ನೋಡಿ ತೀರ್ಮಾನ.

ಮಹಾರಾಜ ಎಪ್ಪತ್ತೆಂಟು. ನಾನು ಅರವತ್ತಾರು. ಮೊದಲ ಸಲ ತೆಳ್ಳಗಿರುವುದಕ್ಕೆ ಹೆಮ್ಮೆಯಾಯಿತು.

"ಊಟ ಅರ್ಧ ಮಾಡ್ತೀನಿ ಮೇಡಂ, ನೋಡ್ತಿರಿ," ಎಂದ ಅವನು, ತಗಡು ನಡುಗಿಸಿ.

ಮನಸ್ಸಿನಲ್ಲಿ ಒಂದೇ ಬಯಕೆ: ಇವನಿಗೆ ಹಸಿವು ಜಾಸ್ತಿಯಾಗಲಿ.

ಏಪ್ರಿಲ್ ೪, ಶುಕ್ರವಾರ

ಅವನು ಬಂದಿರಲಿಲ್ಲ. ಹೊಸ ಗಾಲಿಕುರ್ಚಿ ಅಳತೆಗೆ ಹೋಗಿದ್ದಾನಂತೆ. ಎರಡು ಬಸ್ಸು ವ್ಯರ್ಥ. ಬೇಲಿಯ ಪಕ್ಕ ಒಂದು ಗಂಟೆ ಕೂತು ಬಂದೆ. ನೋಡುವುದಕ್ಕೆ ಏನೂ ಇರಲಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಹಾಲು ಕುಡಿದಷ್ಟು ಸಂತೋಷವಾಗಿದೆ. ನಿಧಾನವಾಗಿ ಬರೆಯುತ್ತೇನೆ.

ಮಹಾರಾಜ ಹೊಸ ಕುರ್ಚಿಯಲ್ಲಿ ಬಂದ. ನೋಡಿದ ಕೂಡಲೇ ಹೊಟ್ಟೆಯೊಳಗೆ ಕೆಂಡ. ಅದೇ ಕುರ್ಚಿ! ಎರಡು ವರ್ಷದಿಂದ ನನ್ನ ದಿಂಬಿನ ಕೆಳಗಿರುವ ಗಾಲಿಕುರ್ಚಿ ಚಿತ್ರಗಳ ಪುಸ್ತಕದ ಹದಿನಾಲ್ಕನೇ ಪುಟದ ಕುರ್ಚಿ. ನೀಲಿ ಚೌಕಟ್ಟು, ಬೆರಳಲ್ಲಿ ತಳ್ಳಿದರೆ ಓಡುತ್ತದೆ, ತೂಕ ಹನ್ನೆರಡು ಕಿಲೋ. ಕೆಲಸ ಮಾಡುತ್ತಿದ್ದ ಕಡೆಯವರು ಕೊಡಿಸಿದರಂತೆ.

ನಮ್ಮನ್ನು ತೂಗುವ ಪದ್ಧತಿ ಹೀಗೆ: ಕುರ್ಚಿಯೊಂದಿಗೆ ತೂಕದ ಹಲಗೆಯ ಮೇಲೆ ಹತ್ತಬೇಕು. ಬಂದ ತೂಕದಲ್ಲಿ ಕುರ್ಚಿಯ ತೂಕ ಕಳೆದು ಯಜಮಾನರು ಪುಸ್ತಕದಲ್ಲಿ ಬರೆಯುತ್ತಾರೆ. ಕುರ್ಚಿಯ ತೂಕವನ್ನು ಸೇರಿದ ದಿನವೇ ಪುಟದ ಮೇಲೆ ಬರೆದಿರುತ್ತಾರೆ. ಮಹಾರಾಜನ ಪುಟದಲ್ಲಿ ಹದಿನೇಳು ಎಂದಿದೆ. ಅದು ಹಳೆಯ ಕಬ್ಬಿಣದ ಕುರ್ಚಿ.

ಯಜಮಾನರು ಇವತ್ತೂ ಹದಿನೇಳು ಕಳೆದರು. "ಎಪ್ಪತ್ತೆರಡು," ಎಂದರು.

"ಎರಡು ವಾರಕ್ಕೆ ಆರು ಕಿಲೋ!" ಎಂದು ಕಿರುಚಿದ ಮಹಾರಾಜ. ಮೇಡಂ ಅವನ ಭುಜ ತಟ್ಟಿದರು. ಮಕ್ಕಳ ತಾಯಂದಿರೆಲ್ಲ ಚಪ್ಪಾಳೆ.

ಇಳಿದದ್ದು ಒಂದು ಕಿಲೋ. ಉಳಿದ ಐದು ಕುರ್ಚಿಯದು. ಅವನೀಗಲೂ ಎಪ್ಪತ್ತೇಳು. ಪ್ಯಾಂಟಿನ ಪಟ್ಟಿ ನೋಡಿದರೇ ಗೊತ್ತಾಗುತ್ತದೆ, ಬೆಲ್ಟು ಅದೇ ತೂತಿನಲ್ಲಿದೆ! ಇಡೀ ಲಾಯದಲ್ಲಿ ಇದು ತಿಳಿದವನು ನಾನೊಬ್ಬ. ಅವನಿಗೇ ತಿಳಿದಿಲ್ಲ.

ಹೇಳಲಿಲ್ಲ. ಈಗ ಹೇಳಿದರೆ ಇನ್ನೂ ಮೂರು ವಾರ ಇದೆ, ಹಟಕ್ಕೆ ಬಿದ್ದು ಇಳಿಸಿಬಿಡುತ್ತಾನೆ. ಮೇ ಎರಡರಂದು, ಎಲ್ಲರ ಎದುರಿಗೆ, "ಮೇಡಂ, ಒಂದು ಸಣ್ಣ ಅನುಮಾನ" ಎಂದು ಶುರುಮಾಡುತ್ತೇನೆ. ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿದೆ. "ಸಣ್ಣ" ಎನ್ನುವಾಗ ನಗು ಬರುತ್ತದೆ, ತಡೆಯಬೇಕು.

ಏಪ್ರಿಲ್ ೧೮, ಶುಕ್ರವಾರ

ಮಹಾರಾಜ ನನ್ನ ಪಕ್ಕಕ್ಕೆ ಬಂದು ನಿಂತು, "ಮಾಸ್ಟ್ರೇ, ನಿಮ್ಮ ದಿನ ನಾನು ಕಿತ್ಕೊಂಡೆ ಅನ್ಸುತ್ತೆ. ನನಗೆ ಮೊದಲೇ ಗೊತ್ತಿದ್ರೆ ಬೇರೆ ದಿನ ಕೇಳ್ತಿದ್ದೆ," ಎಂದ.

"ಅಯ್ಯೋ, ಅದರಲ್ಲೇನಿದೆ!" ಮತ್ತೆ ಜೇನು.

ಇವನು ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು. ಅಷ್ಟು ಉಪಕಾರವನ್ನೂ ಮಾಡುವುದಿಲ್ಲ.

ಅಕ್ಕ ಮಂಗಳವಾರ, ಶುಕ್ರವಾರ ಈಗ ಮನೆಯಲ್ಲಿರುವುದಿಲ್ಲ. ಒದ್ದೆ ತಲೆಯಲ್ಲಿ ಬರುತ್ತಾಳೆ. ಈಜು ಕಲಿಯುತ್ತಿದ್ದಾಳಂತೆ, ಐವತ್ತೆಂಟನೇ ವಯಸ್ಸಿಗೆ! ಯಾವಾಗಿಂದ ಎಂದು ಕೇಳಿದೆ. "ನೀನು ಬಸ್ಸು ಹತ್ತಿದಾಗಿನಿಂದ," ಎಂದಳು. ಬಸ್ಸಿಗೂ ಈಜಿಗೂ ಏನು ಸಂಬಂಧವೋ.

ಏಪ್ರಿಲ್ ೨೫, ಶುಕ್ರವಾರ

ಕಂಬಳಿ ಹಾಕುವಾಗ ದೊಡ್ಡಮ್ಮ ಕಿವಿಗಳೆರಡನ್ನೂ ಹಿಂದಕ್ಕೆ ಒತ್ತಿದಳು. ಬಾಲ ಬೀಸಿದಳು. ನೊಣ ಇರಬೇಕು. ಮಹಾರಾಜ ಮೂರು ಸುತ್ತು ಬಂದ, ಎಡಭುಜ ಇಳಿಯಲಿಲ್ಲ.

ನೊಣವೇ ಇರಬೇಕು.

ಏಪ್ರಿಲ್ ೨೯, ಮಂಗಳವಾರ

ನೊಣ ಅಲ್ಲ.

ನಾನು ಹತ್ತುವ ಇಳಿಜಾರು ಕಟ್ಟೆಯ ಮೇಲೆ ಕಾಯುತ್ತಿದ್ದೆ. ದೊಡ್ಡಮ್ಮ ಕಟ್ಟೆಯ ಪಕ್ಕಕ್ಕೆ ಬಂದು ನಿಲ್ಲಲಿಲ್ಲ. ಯಜಮಾನರು ಹಗ್ಗ ಎಳೆದರು, ಒಂದು ಹೆಜ್ಜೆ ಬಂದು ಸೊಂಟವನ್ನು ಆಚೆಗೆ ಎಸೆದಳು. ಇಷ್ಟು ತಿಂಗಳಲ್ಲಿ ಹೀಗೆ ಮಾಡಿದವಳಲ್ಲ. ಯಜಮಾನರು ಹೆಬ್ಬೆರಳಿಂದ ಅವಳ ಬೆನ್ನುಮೂಳೆಯ ಪಕ್ಕ ನಿಧಾನವಾಗಿ ಒತ್ತುತ್ತ ಹೋದರು. ಒಂದು ಕಡೆ ಮುಟ್ಟಿದ್ದೇ ತಡ, ಇಡೀ ಬೆನ್ನು ಕೆಳಕ್ಕೆ ಕುಸಿಯಿತು. ಬಾಯಿಯಿಲ್ಲದ ಪ್ರಾಣಿ ಅಯ್ಯೋ ಎನ್ನುವುದು ಹೀಗೆ ಎಂದು ಇವತ್ತು ಕಂಡೆ.

ಡಾಕ್ಟರು ಬಂದರು. ಹೊರೆ ಹೆಚ್ಚಾಗಿದೆ ಎಂದರು.

"ಇಬ್ಬರೂ ಮಿತಿಯ ಒಳಗೇ ಇದಾರೆ ಡಾಕ್ಟ್ರೇ, ಪ್ರತಿ ಸಲ ತೂಗ್ತೀವಿ," ಎಂದರು ಮೇಡಂ. ಅವರ ಮುಖ ಬಿಳಿಚಿಕೊಂಡಿತ್ತು.

ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದು ಒಂದೂ ನೆನಪಾಗಲಿಲ್ಲ. "ಮೇಡಂ, ಅವರ ಕುರ್ಚಿ ಬದಲಾಗಿದೆ. ಪುಸ್ತಕದಲ್ಲಿ ಇರೋದು ಹಳೇ ಕುರ್ಚಿ ತೂಕ," ಎಂದೆ.

ಯಜಮಾನರು ಪುಸ್ತಕ ತೆರೆದು ನೋಡಿ ಹಣೆ ಹಣೆ ಬಡಿದುಕೊಂಡರು. ಮೇಡಂ ನನ್ನ ಕಡೆ ತಿರುಗಿ, "ನಿಮಗೆ ಯಾವಾಗ ಗೊತ್ತಾಯ್ತು ಮಾಸ್ಟ್ರೇ?" ಎಂದರು.

"ಈಗ ಹೊಳೀತು."

"ಸದ್ಯ, ನೀವಾದ್ರೂ ಗಮನಿಸಿದ್ರಲ್ಲ," ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈಯನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಒಬ್ಬಾಕೆ ಪಾಪ ಎಂದಳು. ಇವತ್ತು ಮಾತ್ರ ಅವಳು ಆಡಿದ್ದು ಸುಳ್ಳು.

ಮೇ ೨, ಶುಕ್ರವಾರ

ಪರೀಕ್ಷೆ ಇಲ್ಲ. ದೊಡ್ಡಮ್ಮನಿಗೆ ಆರು ವಾರ ವಿಶ್ರಾಂತಿ. ಆದರೂ ಇಬ್ಬರೂ ಬನ್ನಿ ಎಂದಿದ್ದರು. ಕುರ್ಚಿಗಳನ್ನು ಖಾಲಿಯಾಗಿ ತೂಗಿದರು. ನನ್ನದು ಪುಸ್ತಕದಲ್ಲಿ ಇದ್ದಷ್ಟೇ. ಅವನದು ಹನ್ನೆರಡು. ಅವನ ತೂಕ ಎಪ್ಪತ್ತೇಳು.

ಅವನು ನಗಲಿಲ್ಲ. ದೊಡ್ಡಮ್ಮನ ಹತ್ತಿರ ಹೋದ. ಅವಳು ತಲೆ ತಗ್ಗಿಸಿದಳು, ಅವನು ಅವಳ ಮೂಗಿಗೆ ಹಣೆ ಹಚ್ಚಿದ. "ನನ್ನ ದಡ್ಡತನ ಮೇಡಂ. ಆರು ಕಿಲೋ ಇಳಿದೆ ಅಂತ ಸಿಕ್ಕಿದವರಿಗೆಲ್ಲ ಹೇಳ್ಕೊಂಡು ಬಂದೆ. ಕುರ್ಚಿ ಬದಲಾಗಿದೆ ಅನ್ನೋದು ನನ್ನ ಮಂಡೆಗೆ ಹೊಳೀಲಿಲ್ವಲ್ಲ! ಇವಳು ಮೂರು ವಾರ ಹೊತ್ತಿದಾಳೆ," ಎಂದು ಅಳತೊಡಗಿದ. ಅಳುವುದನ್ನೂ ಅವನು ನಗುವಷ್ಟೇ ಜೋರಾಗಿ ಮಾಡುತ್ತಾನೆ. ಮೇಡಂ ಅವನ ಬೆನ್ನು ಸವರಿದರು. ತಾಯಂದಿರು ನೀರು ತಂದುಕೊಟ್ಟರು. ಮಾತೇ ಆಡದ ಯಜಮಾನರು ಕೂಡ, "ನಿಮ್ಮ ತಪ್ಪೇನಿದೆ ಸ್ವಾಮಿ," ಎಂದರು.

ನಾನು ಕಂಬದ ಪಕ್ಕ ಇದ್ದೆ. ವಿಶ್ರಾಂತಿ ಮುಗಿದ ಮೇಲಿನ ಸವಾರ ನಾನೇ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಬೇಕಾದ್ದು ಕೈಗೆ ಬಂದಿತ್ತು. ಆದರೆ ಅವನ ಸುತ್ತ ನೆರೆದ ಜನವನ್ನು ನೋಡುತ್ತ ನೋಡುತ್ತ ನನಗೆ ತಡೆಯಲಾಗದ ಸಿಟ್ಟು ಬಂತು. ನನ್ನ ಶುಕ್ರವಾರ ತೆಗೆದುಕೊಂಡ. ದೊಡ್ಡಮ್ಮನ ಕಿವಿ ತೆಗೆದುಕೊಂಡ. ಈಗ ನನ್ನ ತಪ್ಪನ್ನೂ ತೆಗೆದುಕೊಂಡು, ಅದಕ್ಕೆ ಎಲ್ಲರಿಂದ ಸಮಾಧಾನ ಬೇರೆ ಮಾಡಿಸಿಕೊಳ್ಳುತ್ತಿದ್ದಾನೆ! ಅದು ನನ್ನದು. ಮೂರು ವಾರ ಬಚ್ಚಿಟ್ಟು ಸಾಕಿದವನು ನಾನು.

"ಅದು ನಿಮ್ಮ ತಪ್ಪಲ್ಲ ಕಣ್ರೀ, ನಂದು!" ಎಂದು ಕೂಗಿದೆ. "ಏಪ್ರಿಲ್ ಹನ್ನೊಂದಕ್ಕೇ ಗೊತ್ತಿತ್ತು ನನಗೆ. ಕುರ್ಚಿ ನೋಡಿದ ನಿಮಿಷಕ್ಕೇ ಗೊತ್ತಾಯ್ತು. ಇವತ್ತು ನಿಮ್ಮನ್ನ ಹೊರಗೆ ಹಾಕ್ಸೋಣ ಅಂತ ಸುಮ್ಮನಿದ್ದೆ."

ಗಿಡ್ಡ ಕುದುರೆಯೊಂದು ಹುಲ್ಲು ಅಗಿಯುವ ಸದ್ದು ಕೇಳುತ್ತಿತ್ತು. ಮಹಾರಾಜ ನನ್ನ ಕಡೆ ನೋಡಿದ, ಕುರ್ಚಿ ತಿರುಗಿಸಿಕೊಂಡು ಹೊರಟುಹೋದ.

ಮೇಡಂ ತೂಕದ ಪುಸ್ತಕ ಮುಚ್ಚಿ ಹೇಳಿದರು: "ಅವಳಿಗೆ ನೋವಾಗ್ತಿದೆ ಅಂತ ಗೊತ್ತಿದ್ದೂ ಸುಮ್ಮನಿದ್ದವರನ್ನ ನಾನು ಅವಳ ಮೇಲೆ ಕೂರಿಸಲ್ಲ ಮಾಸ್ಟ್ರೇ. ಅವರು ಎಪ್ಪತ್ತೈದಕ್ಕಿಂತ ಕೆಳಗಿಳಿದ್ರೆ ಜಾಗ ಅವರದು."

ಸರಿ ಎಂದೆ. ಈ ಸಲ ಜೇನಿರಲಿಲ್ಲ.

ಮೇ ೬, ಮಂಗಳವಾರ

ಎಲ್ಲೂ ಹೋಗಲಿಲ್ಲ. ಅಕ್ಕ ಮಾತ್ರ ಈಜಿಗೆ ಹೋದಳು.

ಮೇ ೧೩, ಮಂಗಳವಾರ

ನಡೆಯುವುದು ನಿಂತಿತು. ಎರಡು ವರ್ಷದ ಹಿಂದೆ ಒಂದು ಸಲ ನಿಂತಿತ್ತು, ಅದು ಏಣಿಯ ತಪ್ಪು. ಇದು ನಾನೇ ಮಾಡಿಕೊಂಡದ್ದು. ಅತ್ತುಬಿಟ್ಟೆ.

ಮೇ ೧೬, ಶುಕ್ರವಾರ

ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎನಿಸಿ ಎಂಟೂ ಹತ್ತರ ಬಸ್ಸಿಗೆ ಹೋದೆ. ಹತ್ತಿಸುವುದಿಲ್ಲ ಎಂದರೇ ಹೊರತು ಬರಬೇಡಿ ಎಂದಿಲ್ಲವಲ್ಲ. ಯಜಮಾನರು ನನ್ನನ್ನು ನೋಡಿ, ಕೈಗೊಂದು ಬ್ರಷ್ಷು ಕೊಟ್ಟು, "ಕಾಲು ಮಾತ್ರ. ಬೆನ್ನು ಮುಟ್ಬೇಡಿ," ಎಂದರು. ಗಾಲಿಕುರ್ಚಿಯಿಂದ ಕುದುರೆಯ ಮುಂಗಾಲು ಉಜ್ಜಲು ಸರಿಯಾದ ಎತ್ತರ. ಒಂದು ಕಾಲು ಮುಗಿಸಿ ಇನ್ನೊಂದಕ್ಕೆ ಹೋದರೆ ಅಲ್ಲಿ ನೀಲಿ ಚೌಕಟ್ಟು. ಆ ಕಡೆಯಿಂದ ಮಹಾರಾಜ ಉಜ್ಜುತ್ತಿದ್ದಾನೆ.

ನಡುವೆ ದೊಡ್ಡಮ್ಮನ ಹೊಟ್ಟೆ. ಅವನ ಮುಖ ಕಾಣಿಸುತ್ತಿರಲಿಲ್ಲ.

"ಅವತ್ತು ನಿಮಗೆ ಎರಡು ಬಾರಿಸ್ಬೇಕು ಅನ್ಸಿತ್ತು," ಎಂದ.

"ಬಾರಿಸ್ಬೇಕಿತ್ತು."

"ನನ್ನ ಕುರ್ಚಿ ತೂಕ ನಿಮಗೆ ಹೇಗೆ ಗೊತ್ತು?"

"ಎರಡು ವರ್ಷದಿಂದ ಅದರ ಚಿತ್ರ ನೋಡ್ತಿದೀನಿ."

ನೀಲಿ ಚೌಕಟ್ಟು ಸ್ವಲ್ಪ ಹಿಂದಕ್ಕೆ ಸರಿಯಿತು. "ಪ್ರತಿ ಶುಕ್ರವಾರ ಬಸ್ಸು ಹತ್ತಿ ಬಂದು ಬೇಲಿ ಹತ್ರ ಕೂರ್ತಿದ್ರಲ್ಲ, ಏನ್ ನೋಡ್ತಿದ್ರಿ ಅಲ್ಲಿ?"

ಇನ್ನು ಮುಚ್ಚಿಡುವುದೇನಿದೆ? ಹೇಳಿದೆ. ಮೂರನೇ ಸುತ್ತಿಗೆ ಎಡಭುಜ ಅರ್ಧ ಅಂಗುಲ ಇಳಿಯುತ್ತದೆ. ಬೇವಿನ ಮರದ ತಿರುವಿಗೆ ಮುಂಚೆ ಉಸಿರು ಬಿಗಿಹಿಡಿಯುತ್ತೀರಿ, ಅವಳು ನೆಲ ಮೂಸಿ ಹೊರಟ ಮೇಲೆ ಬಿಡುತ್ತೀರಿ. ಕೈ ಅಗಲಿಸುವಾಗ ಬಲಗೈಗಿಂತ ಎಡಗೈ ತಡ. ಏಪ್ರಿಲ್ ಹದಿನೆಂಟರಿಂದ ಆ ತಡವೂ ಇಲ್ಲ. ಪ್ಯಾಂಟು ಹಿಂದೆ ಗಿಡ್ಡ, ಕೂರುವಲ್ಲಿ ಜೇಬಿನ ಹೊಲಿಗೆ ಒತ್ತುತ್ತದೆ, ಅದನ್ನು ಮೊದಲು ಕಿತ್ತು ಹಾಕಿಸಿ.

ಬ್ರಷ್ಷಿನ ಸದ್ದು ನಿಂತಿತು.

"ಬೆನ್ನು ಮುರಿದ ಮೇಲೆ ಜನ ನನ್ನ ಕಡೆ ನೋಡ್ತಾರೆ, ತಕ್ಷಣ ಬೇರೆ ಕಡೆ ನೋಡ್ತಾರೆ ಮಾಸ್ಟ್ರೇ. ನನ್ನ ಹೆಂಡತಿನೂ ಹಾಗೇ ನೋಡ್ತಿದ್ಲು, ಜೊತೆಗಿರೋವರೆಗೂ," ಎಂದ. "ನಿಮ್ಮಷ್ಟು ಹೊತ್ತು ನನ್ನನ್ನ ಯಾರೂ ನೋಡಿಲ್ಲ."

ನಾನು ದೊಡ್ಡಮ್ಮನ ಗೊರಸಿನ ಮಣ್ಣು ಕೆರೆದೆ.

"ನಾನು ಮತ್ತೆ ಹತ್ತಿದ ದಿನ ಬನ್ನಿ. ಭುಜ ಇಳಿದ್ರೆ ಕೂಗಿ. ಹೊಟ್ಟೆಕಿಚ್ಚಿಂದಲೇ ಬನ್ನಿ, ಪರವಾಗಿಲ್ಲ."

ಅವನ ಸೊಂಟ ಮೂವತ್ತೆಂಟು, ಕೂತಾಗ ನಲವತ್ತು. ಮನೆಗೆ ಬಂದು ಬರೆದಿಟ್ಟುಕೊಂಡೆ, ಸುಮ್ಮನೆ.

ಜೂನ್ ೧೩, ಶುಕ್ರವಾರ

ದೊಡ್ಡಮ್ಮನ ಬೆನ್ನು ಒತ್ತಿ ನೋಡಿದರು, ಕುಸಿಯಲಿಲ್ಲ. ಮಹಾರಾಜ ಎಪ್ಪತ್ನಾಲ್ಕು. ಕುರ್ಚಿಯನ್ನು ಬೇರೆ ತೂಗಿ, ಎರಡು ಸಲ ಲೆಕ್ಕ ಹಾಕಿ, ನನ್ನ ಕಡೆ ತೋರಿಸಿ, ಆಮೇಲೆ ಬರೆದರು ಯಜಮಾನರು. ಬೆಲ್ಟು ಎರಡು ತೂತು ಒಳಗೆ ಹೋಗಿತ್ತು.

ಅವನು ಹತ್ತಿದ. ನಾನು ಬೇಲಿಯ ಹತ್ತಿರ, ಬಿಸಿಲಲ್ಲಿ. ಸುಳ್ಳು ಯಾಕೆ ಬರೆಯಲಿ, ಹೊಟ್ಟೆ ಉರಿಯಿತು. ಆರು ವಾರವಾದ ಮೇಲೂ ಅದೇ ನೆಟ್ಟಗಿನ ಬೆನ್ನು, ಅದೇ ಮೆರವಣಿಗೆ. ಅವನು ಏನೋ ಹೇಳಿದ, ದೊಡ್ಡಮ್ಮನ ಕಿವಿ ಹಿಂದಕ್ಕೆ ತಿರುಗಿತು. ಆ ಕಿವಿ ನನಗೆ ಬೇಕು. ಈಗಲೂ ಬೇಕು.

ಎರಡನೇ ಸುತ್ತಿಗೆ ಎಡಭುಜ ಇಳಿಯಿತು. ಮೂರನೆಯದರವರೆಗೂ ಕಾಯಲಿಲ್ಲ. "ಎಡಭುಜ!" ಎಂದು ಕೂಗಿದೆ. ಎತ್ತಿದ. ತಿರುವು ಹತ್ತಿರ ಬಂತು. "ಉಸಿರು ಬಿಡಿ! ಅವಳು ನಿಲ್ತಾಳೆ, ನಿಲ್ಲಲಿ!" ಎಂದೆ. ಬಿಟ್ಟ. ದೊಡ್ಡಮ್ಮ ನೆಲ ಮೂಸಿ ಹೊರಟಳು. ಅಲ್ಲಿಂದ ಕೊನೆಯವರೆಗೆ ಒಂದು ಸುಕ್ಕಿಲ್ಲ, ಒಂದು ಎಳೆ ಓರೆಯಿಲ್ಲ. ಎಡ, ಬಲ, ಎಡ, ಬಲ. ನಾನು ಕೂಗುವುದನ್ನು ಮರೆತು ನೋಡುತ್ತಿದ್ದೆ.

ಮೇಡಂ ಯಾವಾಗ ನನ್ನ ಪಕ್ಕಕ್ಕೆ ಬಂದು ನಿಂತರೋ ತಿಳಿಯದು. ಅವರು ಕುದುರೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

"ಮಾಸ್ಟ್ರೇ, ನೀವ್ಯಾಕೆ ಅಲ್ಲಾಡ್ತಿದೀರಿ?"

ತಗ್ಗಿ ನೋಡಿಕೊಂಡೆ. ಕುರ್ಚಿಯಲ್ಲಿ ನನ್ನ ಸೊಂಟ ದೊಡ್ಡಮ್ಮನ ಹೆಜ್ಜೆಗೆ ಸರಿಯಾಗಿ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಹೋಗುತ್ತಿತ್ತು. ಅವನು ಅಲ್ಲಿ ನಡೆಯುತ್ತಿದ್ದ, ನಾನು ಇಲ್ಲಿ ನಡೆಯುತ್ತಿದ್ದೆ.

"ಚಳಿ," ಎಂದೆ.